ಓಣಿಯ ದತ್ತಿ ಪ್ರತಿಷ್ಠಾನ: ಸಂಬಳವಿಲ್ಲದೆ ಹೊಣೆ ಹೊತ್ತವರಿಗೆ

ನೆರೆಹೊರೆಯವರು ಸೇರಿ ಕಟ್ಟಿದ ದತ್ತಿ ಪ್ರತಿಷ್ಠಾನ ನಿಂತುಹೋಗಲು ದುಡ್ಡು ಮುಗಿಯಲೇಬೇಕೆಂದಿಲ್ಲ, ಖಜಾಂಚಿ ಊರು ಬಿಟ್ಟರೂ ಸಾಕು. ಬ್ಯಾಂಕಿನ ಒಟಿಪಿ ಅವರ ಮೊಬೈಲಿಗೆ ಬರುತ್ತದೆ. ರಸೀದಿ ಪುಸ್ತಕ ಅವರ ಕಪಾಟಿನಲ್ಲಿದೆ. ಯಾವ ವಿದ್ಯಾರ್ಥಿಗೆ ಎರಡನೇ ಕಂತು ಕೊಡುತ್ತೇವೆಂದು ಮಾತು ಕೊಟ್ಟಿದ್ದೆವು ಎನ್ನುವುದು ಅವರ ನೆನಪಿನಲ್ಲಷ್ಟೇ ಇದೆ. ಉಳಿದವರೆಲ್ಲ ಒಳ್ಳೆಯವರೇ, ತಿಳಿದವರೇ. ಆದರೆ ಅವರ ಕೈಯಲ್ಲಿ ಏನೂ ಇಲ್ಲ.

ಸಂಬಳದ ಕೆಲಸವಾದರೆ ಬಿಡುವ ಮೊದಲು ನೋಟಿಸ್ ಕೊಡುತ್ತಾರೆ. ಸ್ವಯಂಸೇವಕರಿಗೆ ಆ ಕಟ್ಟುಪಾಡಿಲ್ಲ. ಮನೆಯಲ್ಲೊಂದು ಕಾಯಿಲೆ, ಒಂದು ವರ್ಗಾವಣೆ, ಕೆಲವೊಮ್ಮೆ ಬರೀ ಬೇಸರ, ಅಷ್ಟರಲ್ಲಿ ಅವರು ಬರುವುದು ನಿಂತಿರುತ್ತದೆ. ಆದ್ದರಿಂದ ಇಂಥ ಸಂಸ್ಥೆಯ ಮುಂದಾಳುಗಳ ನಿಜವಾದ ಕೆಲಸ ಒಂದೇ: ಯಾವ ಕೀಲಿಯೂ, ಯಾವ ಕಾಗದವೂ, ಯಾವ ಮಾತೂ ಒಬ್ಬರ ಬಳಿ ಮಾತ್ರ ಇರದಂತೆ ನೋಡಿಕೊಳ್ಳುವುದು. ಸಭೆ, ಲೆಕ್ಕ, ನೆರವು ಹಂಚಿಕೆ ಎಲ್ಲವನ್ನೂ ಈ ಕಣ್ಣಿನಿಂದಲೇ ಜೋಡಿಸಬೇಕು.

ಉದ್ದೇಶದ ಸಾಲು

ಹೊಸದಾಗಿ ಹೊಣೆ ಹೊತ್ತವರು ಮೊದಲು ಮಾಡಬೇಕಾದ್ದು ಸ್ಥಾಪನಾ ಪತ್ರವನ್ನು ಪೂರ್ತಿ ಓದುವುದು. ಹತ್ತು ವರ್ಷ ಟ್ರಸ್ಟಿಯಾಗಿದ್ದೂ ಅದನ್ನು ಒಮ್ಮೆಯೂ ತೆರೆಯದವರಿದ್ದಾರೆ. ಓದುವಾಗ ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಯಾರಿಗೆ ಕೊಡಬಹುದು, ಎಲ್ಲಿಯವರಿಗೆ ಕೊಡಬಹುದು, ಯಾವ ಕೆಲಸಕ್ಕೆ ಕೊಡಬಹುದು, ಈ ಮೂರನ್ನು ಬದಲಿಸುವ ಅಧಿಕಾರ ಯಾರಿಗಿದೆ.

ನಾಲ್ಕನೆಯದು ಇಲ್ಲದಿದ್ದರೆ ಮುಂದೊಂದು ದಿನ ತೊಂದರೆ ಖಂಡಿತ. ಇದು ಹಳೆಯ ರೋಗ. ಸತ್ತವರು ಉಯಿಲಿನಲ್ಲಿ ಬರೆದಿಟ್ಟ ದತ್ತಿ, ಬರೆದ ಕಾರಣವೇ ಅಳಿದುಹೋದ ಮೇಲೂ ಅದೇ ಕಾರಣಕ್ಕೆ ಕಟ್ಟಿಬಿದ್ದು ಬ್ಯಾಂಕಿನಲ್ಲಿ ಕೊಳೆಯುತ್ತಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬ್ಯಾಂಕರ್ ಫ್ರೆಡರಿಕ್ ಗಾಫ್ 1914ರಲ್ಲಿ ಮೊದಲ ಸಮುದಾಯ ಪ್ರತಿಷ್ಠಾನವನ್ನು ಕಟ್ಟಿದ್ದು ಈ ಗಂಟು ಬಿಡಿಸಲೆಂದೇ. ಹಲವರ ದತ್ತಿಯನ್ನು ಒಂದೆಡೆ ಸೇರಿಸಿ, ಕಾಲಕ್ಕೆ ತಕ್ಕಂತೆ ಎಲ್ಲಿ ಖರ್ಚು ಮಾಡಬೇಕೆಂದು ಬದುಕಿರುವವರ ಸಮಿತಿಯೊಂದು ತೀರ್ಮಾನಿಸಲಿ ಎಂಬುದು ಅವರ ಯೋಚನೆ. ಇವತ್ತಿನ ಓಣಿಯ ಪ್ರತಿಷ್ಠಾನಕ್ಕೂ ಅದೇ ಬೇಕು. ‘ಈ ಅಗತ್ಯ ಇಲ್ಲವಾದರೆ, ಇದಕ್ಕೆ ಹತ್ತಿರದ ಇನ್ನೊಂದು ಉದ್ದೇಶಕ್ಕೆ ಮೂರನೇ ಎರಡರಷ್ಟು ಬಹುಮತದಿಂದ ಬಳಸಬಹುದು’ ಎಂಬ ಒಂದು ಕಲಮು. ಅದನ್ನು ಸೇರಿಸಲು ನಿಮ್ಮಲ್ಲಿನ ಕಾನೂನು ಏನು ಕೇಳುತ್ತದೆಂದು ವಕೀಲರ ಬಳಿ ಒಮ್ಮೆ ವಿಚಾರಿಸಿ. ಆ ಒಂದು ಸಲದ ಶುಲ್ಕಕ್ಕೆ ಜಿಪುಣತನ ಬೇಡ.

ಉದ್ದೇಶ ತೀರಾ ಅಗಲವಾಗಿದ್ದರೂ ಕಷ್ಟ. ‘ಸಕಲ ಸಮಾಜಸೇವೆ’ ಎಂದು ಬರೆದುಕೊಂಡ ಸಂಸ್ಥೆ ಯಾವ ಅರ್ಜಿಗೂ ಇಲ್ಲವೆನ್ನಲಾರದು. ಕೊನೆಗೆ ಎಲ್ಲರಿಗೂ ಚೂರುಚೂರು ಹಂಚಿ ಯಾರ ಕಷ್ಟವೂ ನೀಗುವುದಿಲ್ಲ. ಸ್ಥಾಪನಾ ಪತ್ರ ಅಗಲವಾಗಿಯೇ ಇರಲಿ, ಆದರೆ ಪ್ರತಿ ವರ್ಷದ ಆರಂಭದಲ್ಲಿ ಎರಡೇ ಎರಡು ವಿಷಯ ಆರಿಸಿ ಠರಾವು ಬರೆಯಿರಿ. ಉಳಿದ ಅರ್ಜಿಗಳಿಗೆ ‘ಈ ವರ್ಷ ನಮ್ಮ ನೆರವು ಇಂಥದ್ದಕ್ಕೆ ಮಾತ್ರ’ ಎಂದು ಮುಖ ಕೆಡಿಸಿಕೊಳ್ಳದೆ ಹೇಳಬಹುದು.

ಎಷ್ಟು ಜನ, ಎಷ್ಟು ದಿನ

ಓಣಿಯ ಮಟ್ಟದ ಸಂಸ್ಥೆಗೆ ಏಳು ಜನ ಟ್ರಸ್ಟಿಗಳು ಹದವಾದ ಸಂಖ್ಯೆ. ಐದಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಸಭೆ ನಡೆಯುವುದಿಲ್ಲ. ಒಂಬತ್ತು ದಾಟಿದರೆ ಮಾತಾಡುವವರು ಮೂವರು, ಉಳಿದವರೆಲ್ಲ ಕೇಳುವವರು. ಒಂದೇ ಮನೆಯ ಇಬ್ಬರನ್ನು ತೆಗೆದುಕೊಳ್ಳಬೇಡಿ. ಬೇರೆ ದಾರಿ ಇಲ್ಲದೆ ತೆಗೆದುಕೊಂಡರೂ ಅವರಿಬ್ಬರಿಗೂ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಕೊಡಬೇಡಿ. ಕೊಟ್ಟರೆ, ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬ ನಿಯಮ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಅವಧಿ ಮೂರು ವರ್ಷ. ಸತತ ಎರಡು ಅವಧಿ ಮುಗಿದ ಮೇಲೆ ಒಂದು ವರ್ಷವಾದರೂ ಹೊರಗಿರಬೇಕು. ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯದಂತೆ ಮೊದಲ ಸಲ ಚೀಟಿ ಎತ್ತಿಸಿ: ಇಬ್ಬರಿಗೆ ಒಂದು ವರ್ಷ, ಇಬ್ಬರಿಗೆ ಎರಡು, ಮೂವರಿಗೆ ಮೂರು. ಅಲ್ಲಿಂದಾಚೆಗೆ ಯಾವ ವರ್ಷವೂ ಹೊಸಬರು ಮೂವರಿಗಿಂತ ಹೆಚ್ಚಾಗುವುದಿಲ್ಲ, ಹಳೆಯ ನೆನಪು ಇರುವವರು ನಾಲ್ವರಾದರೂ ಉಳಿದಿರುತ್ತಾರೆ.

ಹೊಸಬರನ್ನು ಕರೆಯುವಾಗ ‘ಏನೂ ಕೆಲಸ ಇರಲ್ಲ, ಹೆಸರು ಇದ್ದರೆ ಸಾಕು’ ಎನ್ನುವ ಮಾತು ಬಾಯಿಗೆ ಬರಲೇಬಾರದು. ಆ ಮಾತು ನಂಬಿ ಬಂದವರು ಅದರಂತೆಯೇ ನಡೆದುಕೊಳ್ಳುತ್ತಾರೆ! ಗಂಟೆ ಲೆಕ್ಕ ಹೇಳಿ ಕರೆಯಿರಿ. ಸಾಮಾನ್ಯ ಸದಸ್ಯರಿಗೆ ತಿಂಗಳಿಗೆ ನಾಲ್ಕು ಗಂಟೆ, ಕಾರ್ಯದರ್ಶಿಗೆ ಎಂಟು, ಖಜಾಂಚಿಗೆ ಎಂಟರಿಂದ ಹತ್ತು, ನೆರವು ಹಂಚುವ ತಿಂಗಳಲ್ಲಿ ಎಲ್ಲರಿಗೂ ಅದರ ಎರಡರಷ್ಟು ಎಂದು ಇಟ್ಟುಕೊಳ್ಳಿ. ನೇರವಾಗಿ ಟ್ರಸ್ಟಿ ಮಾಡುವ ಬದಲು ಮೂರು ತಿಂಗಳು ಯಾವುದಾದರೊಂದು ಉಪಸಮಿತಿಯಲ್ಲಿ ಕೂರಿಸಿ. ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸುತ್ತಾರಾ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಊರಲ್ಲಿ ಹೆಸರಿರುವವರಿಗಿಂತ ಫೋನಿಗೆ ತಿರುಗಿ ಉತ್ತರಿಸುವವರು ಮೇಲು.

ಖಜಾಂಚಿಗೂ ಕಾರ್ಯದರ್ಶಿಗೂ ಮೊದಲ ದಿನದಿಂದಲೇ ಒಬ್ಬೊಬ್ಬ ಸಹಾಯಕರಿರಲಿ. ವರ್ಷಕ್ಕೆರಡು ಸಲ, ಒಂದಿಡೀ ತಿಂಗಳ ಕೆಲಸವನ್ನು ಆ ಸಹಾಯಕರೇ ಮಾಡಿ ಮುಗಿಸಬೇಕು. ಬದಿಯಲ್ಲಿ ಕೂತು ನೋಡಿದ ಮಾತ್ರಕ್ಕೆ ಲೆಕ್ಕ ಬರೆಯಲು ಬರುವುದಿಲ್ಲ.

ಸಭೆ ಮತ್ತು ನಡಾವಳಿ

ಎರಡು ತಿಂಗಳಿಗೊಂದು ಸಭೆ, ತೊಂಬತ್ತು ನಿಮಿಷ. ವಿಷಯಪಟ್ಟಿ, ಹಿಂದಿನ ನಡಾವಳಿ, ಲೆಕ್ಕದ ಒಂದು ಪುಟ, ಈ ಮೂರೂ ಏಳು ದಿನ ಮೊದಲೇ ಎಲ್ಲರ ಕೈಸೇರಬೇಕು. ಸಭೆಯಲ್ಲಿ ಕಾಗದ ಹಂಚಿ ‘ಓದಿಕೊಳ್ಳಿ’ ಎಂದರೆ ಯಾರೂ ಓದುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ.

ವಿಷಯಪಟ್ಟಿಯ ಕ್ರಮವನ್ನು ತಿರುವು ಮುರುವು ಮಾಡಿ. ವರದಿಗಳಿಂದ ಶುರುಮಾಡುವುದು ರೂಢಿ. ಒಂದು ಗಂಟೆ ವರದಿ ಕೇಳಿ ದಣಿದ ಮೇಲೆ ಕೊನೆಯ ಹತ್ತು ನಿಮಿಷದಲ್ಲಿ ದೊಡ್ಡ ಮೊತ್ತದ ತೀರ್ಮಾನ ಆಗಿಹೋಗುತ್ತದೆ. ತೀರ್ಮಾನ ಬೇಕಾದ ವಿಷಯಗಳು ಮೊದಲು ಬರಲಿ, ವರದಿಗಳು ಆಮೇಲೆ. ಪ್ರತಿ ವಿಷಯದ ಎದುರು ‘ತೀರ್ಮಾನಕ್ಕೆ’, ‘ಚರ್ಚೆಗೆ’, ‘ಮಾಹಿತಿಗೆ’ ಎಂಬ ಮೂರರಲ್ಲಿ ಒಂದನ್ನು ಬರೆದು ಪಕ್ಕದಲ್ಲಿ ನಿಮಿಷ ನಮೂದಿಸಿ.

ಏಳು ಜನರಿದ್ದರೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ನಾಲ್ಕು. ಒಂದು ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವವರು ಎದ್ದು ಹೊರಗೆ ಹೋದಾಗ ಆ ವಿಷಯಕ್ಕೆ ಮತ್ತೆ ತಲೆ ಎಣಿಸಿ. ನಾಲ್ವರೇ ಬಂದಿದ್ದ ಸಭೆಯಲ್ಲಿ ಒಬ್ಬರು ಹೊರಗೆ ಹೋದರೆ ಆ ಠರಾವು ಮುಂದಿನ ಸಭೆಗೆ ಹೋಗಬೇಕು.

ನಡಾವಳಿಯಲ್ಲಿ ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ: ‘ವಿದ್ಯಾರ್ಥಿಗಳಿಗೆ ಸಹಾಯ ಮಾಡುವ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು. ಎಲ್ಲರೂ ಸಹಮತ ವ್ಯಕ್ತಪಡಿಸಿದರು.’ ಆರು ತಿಂಗಳ ಬಳಿಕ ಇದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ಬರೆಯಬೇಕಾದ್ದು ಹೀಗೆ: ‘ಠರಾವು 14. ಅರ್ಜಿ ಸಂಖ್ಯೆ 23ಕ್ಕೆ ವಿದ್ಯಾರ್ಥಿ ನಿಧಿಯಿಂದ 12,000 ಮಂಜೂರು. ಹಣ ನೇರ ಶಾಲೆಯ ಖಾತೆಗೆ. ಖಜಾಂಚಿ 15ನೇ ತಾರೀಖಿನೊಳಗೆ ಪಾವತಿಸಿ ಶಾಲೆಯ ರಸೀದಿಯನ್ನು ಮುಂದಿನ ಸಭೆಗೆ ತರತಕ್ಕದ್ದು. ಹಾಜರಿದ್ದವರು 6, ಪರ 5, ವಿರುದ್ಧ ಇಲ್ಲ. ಒಬ್ಬ ಸದಸ್ಯರು ಅರ್ಜಿದಾರರ ಸಂಬಂಧಿಯಾದ ಕಾರಣ ಚರ್ಚೆಯ ಹೊತ್ತಿನಲ್ಲಿ ಹೊರಗಿದ್ದರು.’ ಸೂಚಕರು, ಅನುಮೋದಕರ ಹೆಸರು ಅದರ ಕೆಳಗೆ. ಚರ್ಚೆಯಲ್ಲಿ ಯಾರು ಯಾರಿಗೆ ಏನಂದರು ಎಂಬುದು ಬೇಡವೇ ಬೇಡ.

ನಡಾವಳಿಯ ಕರಡು ಎರಡು ದಿನದೊಳಗೆ ಎಲ್ಲರಿಗೂ ಹೋಗಬೇಕು. ವಾರ ಕಳೆದರೆ ಬರೆಯುವವರು ನೆನಪಿನಿಂದಲ್ಲ, ಊಹೆಯಿಂದ ಬರೆಯುತ್ತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳಿನ ಗುರುತು ಒತ್ತಿದ್ದನ್ನು ಠರಾವೆಂದು ಹಿಡಿಯಬೇಡಿ. ಅಲ್ಲಿ ಸುಮ್ಮನಿದ್ದವರು ಒಪ್ಪಿದರೋ, ನೋಡಲೇ ಇಲ್ಲವೋ ಹೇಳಲಾಗದು. ಅವಸರದ್ದಾದರೆ ಲಿಖಿತ ಠರಾವನ್ನು ಪ್ರತಿಯೊಬ್ಬರಿಗೂ ಕಳಿಸಿ, ಹೆಸರು ಸಹಿತ ‘ಒಪ್ಪಿಗೆ’ ಅಥವಾ ‘ಇಲ್ಲ’ ತರಿಸಿಕೊಂಡು ಮುಂದಿನ ಸಭೆಯಲ್ಲಿ ದಾಖಲಿಸಿ. ಅದಕ್ಕೂ ನಿಮ್ಮ ನಿಯಮಾವಳಿಯಲ್ಲಿ ಅವಕಾಶ ಇರಬೇಕು.

ದುಡ್ಡು ಮೂರು ಕೈ ದಾಟಬೇಕು

ಮಂಜೂರು ಮಾಡುವವರು ಒಬ್ಬರು, ಪಾವತಿಸುವವರು ಇನ್ನೊಬ್ಬರು, ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವವರು ಮೂರನೆಯವರು. ಪ್ರಾಮಾಣಿಕತೆಯ ಮೇಲಿನ ಅನುಮಾನಕ್ಕೆ ಈ ನಿಯಮ ಹುಟ್ಟಿದ್ದಲ್ಲ. ಪ್ರಾಮಾಣಿಕ ಖಜಾಂಚಿಯೂ ಅಂಕಿ ತಪ್ಪಿಸುತ್ತಾರೆ, ಮತ್ತು ತಾನು ಬರೆದ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ. ಜತೆಗೆ, ಯಾವತ್ತಾದರೂ ಬಡಾವಣೆಯಲ್ಲಿ ಗುಸುಗುಸು ಶುರುವಾದರೆ ಖಜಾಂಚಿಯ ಬೆನ್ನಿಗೆ ನಿಲ್ಲುವುದು ಆ ಮೂರನೆಯವರ ಸಹಿಯೇ.

ಎರಡು ಸಹಿಯ ವ್ಯವಸ್ಥೆ ಹಾಳಾಗುವುದು ಎಲ್ಲ ಕಡೆಯೂ ಒಂದೇ ರೀತಿ. ಎರಡನೇ ಸಹಿಯವರು ಊರಿಗೆ ಹೊರಟಿರುತ್ತಾರೆ, ‘ಬೇಕಾದೀತು’ ಎಂದು ಐದು ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಹೋಗುತ್ತಾರೆ. ಆನ್‌ಲೈನಿನಲ್ಲಾದರೆ ತಮ್ಮ ಪಾಸ್‌ವರ್ಡ್ ಹೇಳಿಬಿಡುತ್ತಾರೆ. ಇದಕ್ಕೆ ಬೈದು ಪ್ರಯೋಜನವಿಲ್ಲ. ಸಹಿ ಅಧಿಕಾರವನ್ನು ನಾಲ್ವರಿಗೆ ಕೊಟ್ಟು, ಯಾವುದೇ ಇಬ್ಬರು ಸಾಕೆಂದು ಬ್ಯಾಂಕಿಗೆ ಬರೆದುಕೊಡಿ. ಆಗ ಖಾಲಿ ಚೆಕ್ಕಿನ ಅಗತ್ಯವೇ ಬೀಳುವುದಿಲ್ಲ.

ನಗದು ಸಂಗ್ರಹವಾದ ಜಾಗದಲ್ಲೇ, ಡಬ್ಬಿ ತೆರೆದ ಕ್ಷಣದಲ್ಲೇ ಇಬ್ಬರು ಎಣಿಸಿ ಒಂದು ಚೀಟಿಗೆ ಸಹಿ ಹಾಕಲಿ. ಚೀಟಿಯಲ್ಲಿ ಒಟ್ಟು ಮೊತ್ತದ ಜತೆ ಯಾವ ನೋಟು ಎಷ್ಟು ಎಂದೂ ಇರಲಿ. ಬಂದ ನಗದು ಪೂರ್ತಿಯಾಗಿ ಬ್ಯಾಂಕಿಗೆ ಹೋಗಬೇಕು. ಅದರಿಂದಲೇ ಶಾಮಿಯಾನದವರಿಗೆ ಕೊಟ್ಟು ಉಳಿದದ್ದನ್ನು ಕಟ್ಟಿದರೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಜಾಡೇ ಅಳಿಸಿಹೋಗುತ್ತದೆ. ಚಿಲ್ಲರೆ ಖರ್ಚಿಗೆ ಬೇರೆಯೇ ಒಂದು ಪೆಟ್ಟಿಗೆ, ಅದರಲ್ಲಿ ನಿಗದಿತ ಮೊತ್ತ. 2,000 ಇಟ್ಟಿದ್ದರೆ ಯಾವ ಹೊತ್ತಿನಲ್ಲಿ ತೆರೆದರೂ ವೋಚರುಗಳ (ಖರ್ಚಿನ ಚೀಟಿಗಳ) ಮೊತ್ತ ಮತ್ತು ನಗದು ಸೇರಿ 2,000 ಇರಬೇಕು. 1,350ರ ವೋಚರ್ ಇದ್ದರೆ 650 ನಗದು. ತುಂಬಿಸುವಾಗ ಸರಿಯಾಗಿ 1,350 ಮಾತ್ರ ತುಂಬಿಸಬೇಕು.

ರಸೀದಿ ಪುಸ್ತಕಗಳಿಗೆ ಅಚ್ಚಾದ ಕ್ರಮಸಂಖ್ಯೆ ಇರಲಿ. 101ರಿಂದ 150ರವರೆಗಿನ ಪುಸ್ತಕ ಯಾರ ಕೈಯಲ್ಲಿದೆ, ಯಾವತ್ತು ಹಿಂತಿರುಗಿತು ಎಂಬುದಕ್ಕೆ ಒಂದು ವಹಿ. ತಪ್ಪಾಗಿ ಬರೆದ ರಸೀದಿಯನ್ನು ಹರಿದೆಸೆಯದೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಿ. ಒಂದು ಹಾಳೆ ಕಾಣೆಯಾದ ಪುಸ್ತಕವನ್ನು ಲೆಕ್ಕಪರಿಶೋಧಕರು ಅನುಮಾನದಿಂದಲೇ ನೋಡುತ್ತಾರೆ, ಅವರು ಹಾಗೆ ನೋಡುವುದು ಸರಿಯೇ. ಕ್ಯೂಆರ್ ಕೋಡ್ ಅಂಟಿಸುವಾಗ ಅದು ಪ್ರತಿಷ್ಠಾನದ ಖಾತೆಯದ್ದೇ ಎಂದು ಚಿಕ್ಕ ಮೊತ್ತವೊಂದನ್ನು ಹಾಕಿ ನೋಡಿ. ‘ಸದ್ಯಕ್ಕೆ ನನ್ನ ಖಾತೆಗೆ ಬರಲಿ, ಆಮೇಲೆ ವರ್ಗಾಯಿಸುತ್ತೇನೆ’ ಎನ್ನುವುದಕ್ಕೆ ಒಂದು ದಿನದ ಮಟ್ಟಿಗೂ ಒಪ್ಪಬೇಡಿ.

ತಿಂಗಳಿಗೊಮ್ಮೆ ತಾಳೆ ನೋಡುವ ಕೆಲಸ ಇಪ್ಪತ್ತು ನಿಮಿಷದ್ದು. ಬ್ಯಾಂಕಿನ ಹೇಳಿಕೆಯಲ್ಲಿ ತಿಂಗಳ ಕೊನೆಗೆ 84,600 ಇದೆ ಎಂದುಕೊಳ್ಳಿ. ನೀವು ಕೊಟ್ಟು ಇನ್ನೂ ನಗದಾಗದ ಚೆಕ್ಕುಗಳು 6,200, ಅದನ್ನು ಕಳೆಯಿರಿ. ನೀವು ಕಟ್ಟಿ ಇನ್ನೂ ಜಮೆಯಾಗದ್ದು 3,000, ಅದನ್ನು ಕೂಡಿಸಿ. 81,400 ಬಂತು. ನಿಮ್ಮ ಪುಸ್ತಕದಲ್ಲೂ 81,400 ಇದ್ದರೆ ಮುಗಿಯಿತು, ಸಹಿ ಹಾಕಿ. ಇಲ್ಲದಿದ್ದರೆ ವ್ಯತ್ಯಾಸವನ್ನೇ ಮೊದಲು ನೋಡಿ. ಅದು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ದೊಡ್ಡದು. 1,490 ಎಂಬುದನ್ನು 1,940 ಎಂದು ಬರೆದರೆ ವ್ಯತ್ಯಾಸ 450, ಅಂದರೆ ಒಂಬತ್ತರ ಐವತ್ತು ಪಟ್ಟು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಪುಸ್ತಕದಲ್ಲಿ ಸಿಕ್ಕರೆ, ಜಮಾ ಕಡೆ ಬರೆಯಬೇಕಾದ್ದು ಖರ್ಚಿನ ಕಡೆ ಹೋಗಿರಬಹುದು. ಎರಡೂ ಅಲ್ಲವಾದರೆ ಬ್ಯಾಂಕು ತಾನಾಗಿ ಕಡಿದುಕೊಂಡ ಶುಲ್ಕ ಅಥವಾ ಜಮೆ ಮಾಡಿದ ಬಡ್ಡಿಯನ್ನು ಹುಡುಕಿ. ‘ಚಿಕ್ಕ ವ್ಯತ್ಯಾಸ, ಇರಲಿ’ ಎಂದು ಬಿಡುವಂತಿಲ್ಲ. ಹತ್ತರ ವ್ಯತ್ಯಾಸದ ಹಿಂದೆ ಹತ್ತು ಸಾವಿರದ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕೂತಿರಬಹುದು.

ಇನ್ನು, ಖಾತೆಯಲ್ಲಿ ಇರುವುದೆಲ್ಲ ಖರ್ಚಿಗೆ ಸಿಗುವ ದುಡ್ಡಲ್ಲ. ಮೇಲಿನ 81,400ರಲ್ಲಿ 50,000 ವಿದ್ಯಾರ್ಥಿಗಳಿಗೆಂದೇ ದಾನಿಗಳು ಕೊಟ್ಟದ್ದು, 12,000 ಈಗಾಗಲೇ ಮಂಜೂರಾಗಿ ಪಾವತಿಯಾಗಬೇಕಾದದ್ದು ಎಂದಾದರೆ ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು 19,400. ಸಭೆಗೆ ಕೊಡುವ ಲೆಕ್ಕದ ಪುಟದಲ್ಲಿ ಈ ಮೂರು ಸಾಲು ಬೇರೆಬೇರೆಯಾಗಿ, ಎಲ್ಲಕ್ಕಿಂತ ಮೇಲೆ ಇರಬೇಕು. ಒಂದು ಉದ್ದೇಶಕ್ಕೆ ಬಂದ ಹಣ ಇನ್ನೊಂದಕ್ಕೆ ಜಾರುವುದಕ್ಕೆ ದುರುದ್ದೇಶವೇ ಬೇಕಿಲ್ಲ, ಈ ಮೂರು ಸಾಲು ಇಲ್ಲದಿದ್ದರೆ ಸಾಕು.

ಆರು ತಿಂಗಳ ನಡೆಸುವ ಖರ್ಚಿನಷ್ಟು ಮೀಸಲಿಡಿ. ಮೂಲನಿಧಿ, ಅಂದರೆ ಖರ್ಚು ಮಾಡದೆ ಹೂಡಿಟ್ಟ ಅಸಲು, ಇದ್ದು ಅದರ ಆದಾಯದಿಂದ ನೆರವು ಕೊಡುವುದಾದರೆ, ಆ ವರ್ಷದ ಬೆಲೆಯ ಮೇಲೆ ಲೆಕ್ಕ ಹಾಕದೆ ಹಿಂದಿನ ಮೂರು ವರ್ಷದ ಸರಾಸರಿಯ ಮೇಲೆ ಶೇ 4ರಷ್ಟು ತೆಗೆಯುವುದು ಕ್ಷೇಮ. ನಿಧಿ 10 ಲಕ್ಷ, 9 ಲಕ್ಷ, 11 ಲಕ್ಷ ಇದ್ದರೆ ಸರಾಸರಿ 10 ಲಕ್ಷ, ಆ ವರ್ಷ ಹಂಚಬಹುದಾದ್ದು 40,000. ಮಾರುಕಟ್ಟೆ ಏರಿದ ವರ್ಷ ಉಬ್ಬಿ, ಇಳಿದ ವರ್ಷ ಮಕ್ಕಳ ಶುಲ್ಕ ನಿಲ್ಲಿಸುವ ಪ್ರಸಂಗ ಇದರಿಂದ ತಪ್ಪುತ್ತದೆ.

ಕೊಡುವ ಕೆಲಸ

ದುಡ್ಡು ಕೂಡಿಸುವುದು ಕಷ್ಟ, ಕೊಡುವುದು ಸುಲಭ ಎಂದು ಹೊರಗಿನವರು ತಿಳಿದಿರುತ್ತಾರೆ. ನೆರೆಹೊರೆಯ ಸಂಸ್ಥೆಯಲ್ಲಿ ಅದು ತಲೆಕೆಳಗು. ಅರ್ಜಿದಾರರು ದಿನಾ ಎದುರು ಸಿಗುವವರು. ‘ಇಲ್ಲ’ ಎಂದ ಮೇಲೂ ಅದೇ ರಸ್ತೆಯಲ್ಲಿ ನಡೆಯಬೇಕು. ಹಾಗಾಗಿ ‘ಇಲ್ಲ’ ಎನ್ನುವುದು ವ್ಯಕ್ತಿಯ ಬಾಯಿಂದ ಬಾರದೆ ಮೊದಲೇ ಬರೆದಿಟ್ಟ ಮಾನದಂಡದಿಂದ ಬರುವಂತಿರಬೇಕು.

ಹಣ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ. ಶಾಲೆಯ ಶುಲ್ಕಕ್ಕೆ ಕೊಡುವುದಾದರೆ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಹತ್ತು ವಾರ ಮೊದಲು ಪ್ರಕಟಣೆ ಹೊರಡಬೇಕು. ನಾಲ್ಕು ವಾರ ಅರ್ಜಿಗೆ, ಎರಡು ವಾರ ಪರಿಶೀಲನೆಗೆ, ಒಂದು ವಾರ ಅಂಕ ಕೊಡಲು, ಎಂಟನೇ ವಾರ ಸಭೆ, ಉಳಿದೆರಡು ವಾರ ಪತ್ರಕ್ಕೂ ಪಾವತಿಗೂ. ಕೊನೆಯ ದಿನ ದಾಟಿದ ಮೇಲೆ ತಲುಪುವ ನೆರವು ಆ ಮನೆಯವರು ಮಾಡಿದ ಸಾಲ ತೀರಿಸುತ್ತದೆ, ಸಾಲ ಮಾಡುವುದನ್ನು ತಪ್ಪಿಸುವುದಿಲ್ಲ.

ಅರ್ಜಿ ಎರಡು ಪುಟ ಮೀರದಿರಲಿ. ನೀವು ತೀರ್ಮಾನಕ್ಕೆ ಬಳಸದ ಯಾವ ಪ್ರಶ್ನೆಯನ್ನೂ ಕೇಳಬೇಡಿ. ಓದಲು ಬರೆಯಲು ಕಷ್ಟವಿರುವವರಿಗೆ ಅರ್ಜಿ ತುಂಬಿಸಿಕೊಡಲು ಒಬ್ಬ ಸ್ವಯಂಸೇವಕರನ್ನು ನೇಮಿಸಿ, ಆದರೆ ಅವರು ಅಂಕ ಕೊಡುವವರಲ್ಲಿ ಇರಕೂಡದು. ಚೆಂದವಾಗಿ ಬರೆಯಬಲ್ಲವರಿಗೆ ದುಡ್ಡು ಸಿಕ್ಕಿ, ನಿಜವಾದ ಕಷ್ಟದವರು ಹೊರಗುಳಿಯುವುದು ಉದ್ದನೆಯ ಅರ್ಜಿಗಳಿಂದಲೇ.

ಅಂಕಕ್ಕೆ ಒಂದು ಮಾದರಿ: ಅಗತ್ಯದ ತೀವ್ರತೆ 30, ಈ ವರ್ಷದ ಉದ್ದೇಶಕ್ಕೆ ಹೊಂದಿಕೆ 20, ನಾವು ಕೊಡುವ ಮೊತ್ತದಿಂದ ಕೆಲಸ ಪೂರ್ತಿ ಆಗುತ್ತದೆಯೇ ಎಂಬುದಕ್ಕೆ 20, ಹೇಳಿದಂತೆ ನಡೆಯಬಹುದೆಂಬ ಭರವಸೆ 20, ಬೇರೆ ಕಡೆ ದಾರಿ ಇಲ್ಲದಿರುವುದಕ್ಕೆ 10. ಮೂವರು ಓದುಗರು ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಾಗದಂತೆ ಬರೆದು ಲಕೋಟೆಯಲ್ಲಿ ಕೊಡಬೇಕು. ಮೊದಲು ಬಾಯಿಬಿಟ್ಟ ಹಿರಿಯರ ಮಾತಿಗೆ ಉಳಿದವರ ಅಂಕ ಒಲಿಯುವುದನ್ನು ತಡೆಯಲು ಬೇರೆ ಉಪಾಯವಿಲ್ಲ. ಒಂದು ಅರ್ಜಿಗೆ 72, 68, 31 ಬಂತೆನ್ನಿ. ಸರಾಸರಿ 57 ಎಂದು ಬರೆದು ಮುಂದೆ ಹೋಗಬೇಡಿ. ಮೂರನೆಯವರಿಗೆ ಏನೋ ಕಂಡಿದೆ: ಅದೇ ಖರ್ಚಿಗೆ ಇನ್ನೊಂದು ಸಂಸ್ಥೆಯ ನೆರವು ಸಿಕ್ಕಿರುವುದು ಗೊತ್ತಿರಬಹುದು, ಅಥವಾ ಅವರೊಂದು ಪುಟ ತಿರುವದೇ ಬಿಟ್ಟಿರಬಹುದು. ಇಪ್ಪತ್ತು ಅಂಕಕ್ಕಿಂತ ಹೆಚ್ಚು ಅಂತರ ಬಂದ ಅರ್ಜಿಗಳ ಚರ್ಚೆಗೇ ಸಭೆಯ ಹೆಚ್ಚು ಹೊತ್ತು ಕೊಡಿ, ಮೂವರೂ ಒಪ್ಪಿದವುಗಳಿಗೆ ಎರಡೆರಡು ನಿಮಿಷ ಸಾಕು.

ಬಂಧುಗಳ, ನೌಕರರ, ವ್ಯವಹಾರದ ಪಾಲುದಾರರ ಅರ್ಜಿ ಬಂದಾಗ ಆ ಟ್ರಸ್ಟಿ ಮೊದಲೇ ತಿಳಿಸಿ, ಕೋಣೆಯಿಂದ ಹೊರಗೆ ಹೋಗಬೇಕು. ಮತ ಹಾಕದೆ ಅಲ್ಲೇ ಕೂತಿದ್ದರೆ ಆಗದೇ ಎಂದು ಕೇಳುತ್ತಾರೆ. ಆಗದು. ಎದುರಿಗೆ ಕೂತವರ ಮುಖ ನೋಡಿಕೊಂಡು ಅವರ ತಂಗಿಯ ಮಗನ ಅರ್ಜಿಯನ್ನು ಯಾರೂ ತಿರಸ್ಕರಿಸುವುದಿಲ್ಲ.

ಶುಲ್ಕ, ಔಷಧಿ, ಬಾಡಿಗೆ ಇಂಥವನ್ನು ಸಾಧ್ಯವಾದಷ್ಟೂ ನೇರವಾಗಿ ಶಾಲೆಗೆ, ಆಸ್ಪತ್ರೆಗೆ, ಮನೆ ಮಾಲೀಕರಿಗೆ ಪಾವತಿಸಿ. ಚಿಕ್ಕ ಮೊತ್ತವಾದರೆ ಒಂದೇ ಕಂತಿನಲ್ಲಿ ಕೊಟ್ಟು ಮುಗಿಸಿ. ಐದು ಸಾವಿರಕ್ಕೆ ಮೂರು ಕಂತು, ಮೂರು ವರದಿ ಕೇಳುವುದು ಕಷ್ಟದಲ್ಲಿರುವವರನ್ನು ಸತಾಯಿಸಿದಂತೆ. ತಿರಸ್ಕೃತ ಅರ್ಜಿಗೂ ಏಳು ದಿನದೊಳಗೆ ಪತ್ರ ಹೋಗಬೇಕು, ಒಂದು ಸಾಲಿನ ಕಾರಣದೊಡನೆ. ಉತ್ತರವೇ ಬಾರದವರು ಪ್ರತಿ ಟ್ರಸ್ಟಿಯ ಮನೆ ಬಾಗಿಲಿಗೂ ಹೋಗುತ್ತಾರೆ, ಪ್ರತಿಯೊಬ್ಬರಿಂದಲೂ ಬೇರೆಬೇರೆ ಭರವಸೆ ಪಡೆದು ಬರುತ್ತಾರೆ.

ಸಭೆಯವರೆಗೆ ಕಾಯಲಾಗದ ಕಷ್ಟಗಳಿಗೆ ವರ್ಷದ ಮೊತ್ತದಲ್ಲಿ ಶೇ 10ರಷ್ಟನ್ನು ತುರ್ತುನಿಧಿ ಮಾಡಿ. ಒಂದು ಮಿತಿಯೊಳಗೆ ಇಬ್ಬರು ಟ್ರಸ್ಟಿಗಳು ಸೇರಿ ಎರಡು ದಿನದಲ್ಲಿ ಮಂಜೂರು ಮಾಡಿ, ಮುಂದಿನ ಸಭೆಗೆ ವರದಿ ಕೊಡಲಿ. ಮಿತಿಯನ್ನು ಬರೆದಿಡಿ. ಬರೆಯದ ಮಿತಿ ಪ್ರತಿ ಸಲವೂ ಸ್ವಲ್ಪ ಮೇಲಕ್ಕೇರುತ್ತದೆ.

ದೊಡ್ಡ ಚೆಕ್ಕಿನ ಹಲಗೆ ಹಿಡಿಸಿ ಫೋಟೊ ತೆಗೆಯುವ ಪದ್ಧತಿ ಬಿಟ್ಟುಬಿಡಿ. ಆ ಫೋಟೊ ನೋಡಿ ಇನ್ನೂ ಹತ್ತು ಮನೆಯವರು ಅರ್ಜಿ ಹಾಕುವುದನ್ನೇ ಬಿಡುತ್ತಾರೆ; ನೆರವು ಬೇಕಿಲ್ಲವೆಂದಲ್ಲ, ಮಗಳ ಮುಖ ಬಡಾವಣೆಯ ಗುಂಪುಗಳಲ್ಲಿ ಓಡಾಡುವುದು ಬೇಡವೆಂದು. ನಡಾವಳಿಯಲ್ಲೂ ಅರ್ಜಿ ಸಂಖ್ಯೆ ಇರಲಿ, ಹೆಸರಿನ ಪಟ್ಟಿ ಬೀಗದೊಳಗಿರಲಿ.

ಕೇಳುವ ಕೆಲಸ

ದಾನ ಕೇಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಮೇಲಿನದು ಸರಿಯಿದ್ದರೆ ಇದು ಅರ್ಧ ತಾನಾಗಿ ನಡೆಯುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೊಡುವ ಇಬ್ಬರಿಗಿಂತ ತಿಂಗಳಿಗೊಮ್ಮೆ ಚಿಕ್ಕ ಮೊತ್ತ ಕೊಡುವ ನಲವತ್ತು ಜನ ವಾಸಿ. ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡರೆ ಅರ್ಧ ಆದಾಯ ಹೋಯಿತು. ರಸೀದಿ ಎರಡು ದಿನದೊಳಗೆ ತಲುಪಲಿ. ಆರು ತಿಂಗಳ ಬಳಿಕ, ಈ ಸಲ ಏನನ್ನೂ ಕೇಳದೆ, ಅವರ ಹಣ ಯಾವುದಕ್ಕೆ ಹೋಯಿತೆಂದು ನಾಲ್ಕು ಸಾಲು ಬರೆದು ಕಳಿಸಿ. ಷರತ್ತಿನ ದಾನವನ್ನು ಒಪ್ಪುವ ಮೊದಲು ಠರಾವು ಮಾಡಿ. ‘ಇಂಥವರ ಮಗನಿಗೇ ಕೊಡಿ’ ಎಂದು ಬರುವ ಹಣ ದಾನವಲ್ಲ, ನಿಮ್ಮ ರಸೀದಿ ಬಳಸಿ ಮಾಡುವ ಖಾಸಗಿ ಪಾವತಿ. ವಂದಿಸಿ ಹಿಂದಕ್ಕೆ ಕೊಡಿ.

ದುಡಿಮೆ ಕೇಳುವಾಗಲೂ ಹಾಗೇ. ‘ಯಾರಾದರೂ ಸಹಾಯಕ್ಕೆ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ಭಾನುವಾರ ಹತ್ತರಿಂದ ಹನ್ನೆರಡು, ಅರವತ್ತು ಅರ್ಜಿಗೆ ಸಂಖ್ಯೆ ಹಾಕಬೇಕು, ಇಬ್ಬರು ಬೇಕು’ ಎಂದರೆ ಬರುತ್ತಾರೆ. ಮಕ್ಕಳ ಜತೆಗಿನ ಕೆಲಸವಾದರೆ ಹಿನ್ನೆಲೆ ವಿಚಾರಿಸದೆ ಯಾರನ್ನೂ ಸೇರಿಸಬೇಡಿ. ಯಾವ ಹೊತ್ತಿನಲ್ಲೂ ಒಬ್ಬ ವಯಸ್ಕರು ಮಗುವಿನೊಡನೆ ಒಂಟಿಯಾಗಿರದಂತೆ, ಬಾಗಿಲು ತೆರೆದಿರುವಂತೆ ನೋಡಿಕೊಳ್ಳಿ. ಎಷ್ಟೇ ಗೊತ್ತಿರುವವರಾದರೂ ಇದರಲ್ಲಿ ವಿನಾಯಿತಿ ಇಲ್ಲ.

ಲೆಕ್ಕ ತಪ್ಪಿದಾಗ

ಖಜಾಂಚಿ ಎರಡು ಸಭೆಗೆ ಲೆಕ್ಕದ ಪುಟ ತರಲಿಲ್ಲವೆಂದರೆ ಮೂರನೆಯದಕ್ಕೆ ಕಾಯಬೇಡಿ. ಬಹುತೇಕ ಅದು ಕಳ್ಳತನವಾಗಿರುವುದಿಲ್ಲ. ಬರೆಯುವುದು ಹಿಂದೆ ಬಿದ್ದಿರುತ್ತದೆ, ಹೇಳಿಕೊಳ್ಳಲು ನಾಚಿಕೆ ಇರುತ್ತದೆ. ಸಹಾಯಕರನ್ನೂ ಇನ್ನೊಬ್ಬ ಸದಸ್ಯರನ್ನೂ ಒಂದು ಸಂಜೆ ಜತೆಗೆ ಕೂರಿಸಿದರೆ ಮುಗಿಯುತ್ತದೆ. ಆದರೆ ಪುಸ್ತಕ ಯಾರಿಗೂ ತೋರಿಸದಿರುವುದು, ಸಹಾಯಕರನ್ನು ದೂರವಿಡುವುದು, ಬ್ಯಾಂಕಿನ ಹೇಳಿಕೆಯ ಬದಲು ಕೈಯಲ್ಲಿ ಟೈಪ್ ಮಾಡಿದ ಸಾರಾಂಶ ತರುವುದು, ಇವು ಬೇರೆ ಜಾತಿಯ ಲಕ್ಷಣ.

ಹಣ ನಿಜಕ್ಕೂ ಕಾಣೆಯಾಗಿದೆ ಎನಿಸಿದರೆ ಮಾಡುವ ಕ್ರಮ ಹೀಗಿರಲಿ. ಅಧ್ಯಕ್ಷರೂ ಇನ್ನೊಬ್ಬ ಸಹಿದಾರರೂ ಸೇರಿ ಅದೇ ದಿನ ಬ್ಯಾಂಕಿಗೆ ಲಿಖಿತವಾಗಿ ಪಾವತಿ ತಡೆಹಿಡಿಯಲು ಹೇಳಬೇಕು. ಬ್ಯಾಂಕಿನಿಂದಲೇ ನೇರವಾಗಿ ಹನ್ನೆರಡು ತಿಂಗಳ ಹೇಳಿಕೆ ತರಿಸಬೇಕು. ಮೂಲ ಕಾಗದಗಳನ್ನು ಇಬ್ಬರ ಎದುರು ಪಟ್ಟಿ ಮಾಡಿ ಬೀಗ ಹಾಕಬೇಕು. ಆಮೇಲೆ ತುರ್ತು ಸಭೆ, ಅಲ್ಲಿ ಸಂಬಂಧಪಟ್ಟವರ ಮಾತು ಕೇಳುವುದು, ಹೊರಗಿನ ಲೆಕ್ಕಪರಿಶೋಧಕರ ನೇಮಕ, ಕಾನೂನು ಯಾರಿಗೆ ತಿಳಿಸಬೇಕೆನ್ನುತ್ತದೋ ಅವರಿಗೆ ತಿಳಿಸುವುದು. ಗುಂಪಿನಲ್ಲಿ ಆರೋಪ ಹಾಕುವುದು, ‘ಮರ್ಯಾದೆ ಪ್ರಶ್ನೆ, ಸದ್ದಿಲ್ಲದೆ ತುಂಬಿಕೊಟ್ಟುಬಿಡಿ’ ಎನ್ನುವುದು, ಎರಡೂ ತಪ್ಪು. ಮೊದಲನೆಯದರಿಂದ ನಿರಪರಾಧಿಯ ಹೆಸರು ಹಾಳಾಗಬಹುದು. ಎರಡನೆಯದರಿಂದ ಉಳಿದ ಟ್ರಸ್ಟಿಗಳೂ ಆ ತಪ್ಪಿಗೆ ಹೊಣೆಗಾರರಾಗಬಹುದು.

ಸ್ಥಾಪಕರು ಕುರ್ಚಿ ಬಿಡದಿರುವುದು ಇನ್ನೊಂದು ಬಗೆಯ ತೊಡಕು. ಅವಧಿ ಮುಗಿದಾಗ ಮತದಾನವಿಲ್ಲದ ಗೌರವ ಸ್ಥಾನ ಕೊಡುವುದು ವಾಡಿಕೆ. ಅದಕ್ಕಿಂತ ಅವರಿಗೇ ಹೇಳಿ ಮಾಡಿಸಿದಂಥ, ಗಡುವು ಇರುವ ಒಂದು ಕೆಲಸ ಕೊಟ್ಟು ನೋಡಿ: ಹಳೆಯ ದಾನಿಗಳನ್ನು ಭೇಟಿಯಾಗುವುದು, ಹಿಂದಿನ ಫಲಾನುಭವಿಗಳ ಪಟ್ಟಿ ಸರಿಮಾಡುವುದು. ಸಭೆಗೆ ಬಂದು ಕೂರುವ ಅವಕಾಶ ಮಾತ್ರ ಮೊದಲ ವರ್ಷ ಬೇಡ. ಅವರು ಇರುವವರೆಗೆ ಹೊಸ ಅಧ್ಯಕ್ಷರ ಕಣ್ಣು ಪ್ರತಿ ಮಾತಿಗೂ ಅವರ ಕಡೆಗೇ ಹೋಗುತ್ತದೆ.

ಹಸ್ತಾಂತರ

ಅರವತ್ತು ದಿನ ಹಳಬರೂ ಹೊಸಬರೂ ಜತೆಯಾಗಿ ಕೆಲಸ ಮಾಡಲಿ. ಒಂದು ಕಡತದಲ್ಲಿ ಸ್ಥಾಪನಾ ಪತ್ರ, ನೋಂದಣಿ ಕಾಗದ, ನಡಾವಳಿ ಪುಸ್ತಕ, ಮೂರು ವರ್ಷದ ಪರಿಶೋಧಿತ ಲೆಕ್ಕ, ಖಾತೆಗಳ ಮತ್ತು ಠೇವಣಿಗಳ ಪಟ್ಟಿ, ಕೊಟ್ಟಿರುವ ಮಾತುಗಳ ಪಟ್ಟಿ, ವರ್ಷದ ಗಡುವುಗಳ ಕ್ಯಾಲೆಂಡರ್. ಇದರ ಒಂದು ಪ್ರತಿ ಸಂಸ್ಥೆಯ ಹೆಸರಿನ ಆನ್‌ಲೈನ್ ಖಾತೆಯಲ್ಲಿರಲಿ, ಯಾರೊಬ್ಬರ ಸ್ವಂತ ಇಮೇಲಿನಲ್ಲಿ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಳೆದುಹೋಗುವುದು ‘ಕೊಟ್ಟಿರುವ ಮಾತುಗಳು’. ಯಾವ ವಿದ್ಯಾರ್ಥಿಗೆ ಎಷ್ಟು ವರ್ಷ ಕೊಡುತ್ತೇವೆಂದಿದ್ದೇವೆ, ಯಾವ ದಾನಿಗೆ ಯಾರ ಹೆಸರಿನಲ್ಲಿ ಬಹುಮಾನ ಇಡುತ್ತೇವೆಂದಿದ್ದೇವೆ ಎಂಬುದನ್ನು ಹಳಬರ ಎದುರು ಕೂತು ಕೇಳಿ ಬರೆಸಿಕೊಳ್ಳಬೇಕು.

ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಮಾಡಿ. ಅಧ್ಯಕ್ಷರೂ ಖಜಾಂಚಿಯೂ ಎರಡು ವಾರ ಸಂಸ್ಥೆಯ ಯಾವ ಕರೆಗೂ ಉತ್ತರಿಸಬಾರದು. ಆ ಹೊತ್ತಿನಲ್ಲಿ ಎಲ್ಲೆಲ್ಲಿ ಕೆಲಸ ನಿಂತಿತೋ ಅದನ್ನೆಲ್ಲ ಬರೆದಿಟ್ಟು ಮುಂದಿನ ಸಭೆಯ ಮೊದಲ ವಿಷಯ ಮಾಡಿ. ಚೆಕ್ ಪುಸ್ತಕ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿರುವುದು ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ ಇರುತ್ತದೆ.

ಬ್ಯಾಂಕಿನ ಸಹಿ ಬದಲಾವಣೆಗೆ ಠರಾವಿನ ಪ್ರತಿ, ಹೊಸಬರ ಗುರುತಿನ ದಾಖಲೆ, ಹಳಬರ ಸಹಿ ಬೇಕಾಗುವುದು ಸಾಮಾನ್ಯ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದಾದ್ದರಿಂದ ಅರವತ್ತು ದಿನದ ಮೊದಲ ವಾರದಲ್ಲೇ ಅರ್ಜಿ ಕೊಡಿ. ಹಳೆಯ ಖಜಾಂಚಿಗೆ ಹಾರ ಹಾಕಿ ಬೀಳ್ಕೊಡುವ ಮೊದಲು, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದೆಯೇ ಎಂದು ಹೊಸಬರ ಫೋನಿಗೆ ಒಂದು ಒಟಿಪಿ ತರಿಸಿ ನೋಡಿ.